ರಾಗಿ ಬೆಂಬಲ ಬೆಲೆ 4,886 ರೂಪಾಯಿ, ಸಣ್ಣ ರೈತರ ಕೈಗೆ ಯಾಕೆ ಬರ್ತಿಲ್ಲ?

ಕಣದಮನೆ:
ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಸೀಮೆಯವನು. ಮಳೆ ನಂಬಿದ ಹೊಲ, ರಾಗಿಯೇ ಮುಖ್ಯ ಬೆಳೆ, ಅಕ್ಕಡಿಗೆ (ನಡುವಿನ ಸಾಲುಗಳಿಗೆ) ಅವರೆ, ತೊಗರಿ.

2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ಇಟ್ಟಿದೆ. ಹಿಂದಿನ ಸಲ 4,290 ಇತ್ತು. ಒಂದೇ ವರ್ಷಕ್ಕೆ 596 ಏರಿದೆ, ಒಳ್ಳೆಯದೇ. ಆದರೆ ನಮ್ಮೂರಲ್ಲಿ ಎರಡು ಮೂರು ಎಕರೆ ಇರುವವರು ಬಹುಪಾಲು ಜನ ಖರೀದಿ ಕೇಂದ್ರ ಶುರುವಾಗುವ ಮೊದಲೇ ವ್ಯಾಪಾರಿಗೆ ಅಳೆದು ಕೊಟ್ಟಾಯಿತು. ಬೆಂಬಲ ಬೆಲೆಗಿಂತ ಸಾವಿರಕ್ಕೂ ಜಾಸ್ತಿ ಕಡಿಮೆಗೆ.

ಒಕ್ಕಣೆ ಡಿಸೆಂಬರ್‌ನಲ್ಲಿ ಮುಗಿಯುತ್ತೆ. ಖರೀದಿ ಶುರುವಾಗೋದು ಸಾಮಾನ್ಯವಾಗಿ ಜನವರಿಗೆ. ದುಡ್ಡು ಖಾತೆಗೆ ಬರೋದು ಅದರ ಮೇಲೆ ಎಷ್ಟೋ ದಿನಕ್ಕೆ. ಅಷ್ಟರಲ್ಲಿ ಒಕ್ಕಣೆ ಯಂತ್ರದವನಿಗೆ ಕೊಡಬೇಕು, ಕೂಲಿ ಕೊಡಬೇಕು, ಗೊಬ್ಬರದ ಅಂಗಡಿ ಬಾಕಿ ತೀರಿಸಬೇಕು, ಸಂಘದ ಕಂತು ಕಟ್ಟಬೇಕು. ಕಾಯೋಕೆ ಆಗೋದು ಅಡಿಕೆ, ತೆಂಗು ಇರುವವರಿಗೆ ಮಾತ್ರ.

ಬೆಲೆ ಜಾಸ್ತಿ ಮಾಡಿ ಅಂತ ನಾನು ಕೇಳ್ತಿಲ್ಲ. ಇಟ್ಟಿರುವ ಬೆಲೆ ಒಕ್ಕಣೆ ಹೊತ್ತಿಗೆ ಸಿಗಲಿ ಅಂತ ಕೇಳ್ತಿದ್ದೇನೆ. ನಿಮ್ಮ ಕಡೆ ಹೇಗಿದೆ ಹೇಳಿ.

ಹಾರನಹಳ್ಳಿ_ದಾರಿ:
ಅರಸೀಕೆರೆ ಕಡೆಯೂ ಇದೇ ಕಥೆ. ಖರೀದಿ ಕೇಂದ್ರ ತೆರೆದ ಮೇಲೂ ಟ್ರ್ಯಾಕ್ಟರ್ ಸಾಲು ಕರಗಲ್ಲ.

ಸಿಟಿಯವನು:
ನಾನು ಬೆಂಗಳೂರಿನಲ್ಲಿ ಕೆಲಸ ಮಾಡ್ತೀನಿ, ತೆರಿಗೆ ಕಟ್ತೀನಿ. ಕೇಳೋಕೆ ಬೇಜಾರಾದರೂ ಕೇಳ್ತೀನಿ. ಬೀಜಕ್ಕೆ ಸಬ್ಸಿಡಿ, ಗೊಬ್ಬರಕ್ಕೆ ಸಬ್ಸಿಡಿ, ಪಂಪ್‌ಸೆಟ್‌ಗೆ ಕರೆಂಟು ಉಚಿತ, ಪಿಎಂ ಕಿಸಾನ್ ದುಡ್ಡು ಬೇರೆ, ಮೇಲೆ ಬೆಂಬಲ ಬೆಲೆ. ಇಷ್ಟೆಲ್ಲ ಇದ್ದೂ ಸಾಲದು ಅಂದರೆ ಬೇಸಾಯದಲ್ಲೇ ಏನೋ ತಪ್ಪಿದೆ ಅಲ್ವಾ?

ಬಿಳಿಜೋಳ:
@ಸಿಟಿಯವನು, ಒಣ ಬೇಸಾಯದವನಿಗೆ ಪಂಪ್‌ಸೆಟ್ ಎಲ್ಲಿಂದ ಬರಬೇಕು ಸರ್? ಬೋರ್‌ವೆಲ್ ಇದ್ದವನಿಗೆ ಉಚಿತ ಕರೆಂಟು. ಅವನು ರಾಗಿ, ಜೋಳ ಬೆಳೆಯಲ್ಲ. ಅಡಿಕೆ, ಕಬ್ಬು, ಬಾಳೆ ಹಾಕ್ತಾನೆ.

ನೀವು ಹೇಳಿದ ಪಟ್ಟಿಯಲ್ಲಿ ನಮಗೆ ನಿಜವಾಗಿ ಸಿಗೋದು ಗೊಬ್ಬರದ್ದು. 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತೆ, ಅದರ ನಿಜವಾದ ಖರ್ಚು ಎಷ್ಟೋ ಪಟ್ಟು ಜಾಸ್ತಿ. ಒಪ್ಪಿದೆ. ಆದರೆ ಎಕರೆಗೆ ಯಾರು ಜಾಸ್ತಿ ಯೂರಿಯಾ ಹಾಕ್ತಾರೋ ಅವರಿಗೇ ಆ ಸಬ್ಸಿಡಿ ಜಾಸ್ತಿ ಹೋಗುತ್ತೆ. ಮಳೆ ಬಂದರೆ ಒಂದು ಸಲ ಎರಚುವ ಜೋಳದವನಿಗೆ ಬರೋದು ಎಷ್ಟು?

ಹೊನ್ನಾರು:
ಯೂರಿಯಾ ಮಾತು ಬಂತಲ್ಲ, 2025ರ ಜುಲೈನಲ್ಲಿ ಅದಕ್ಕೂ ಸಾಲು ನಿಂತಿದ್ದೆವು. ಅಗ್ಗ ಇದೆ ಅಂದಮಾತ್ರಕ್ಕೆ ಬೇಕಾದಾಗ ಸಿಗುತ್ತೆ ಅಂತಿಲ್ಲ.

ಲೆಕ್ಕದಪುಸ್ತಕ:
ಸ್ವಲ್ಪ ಲೆಕ್ಕ ಹೇಳ್ತೀನಿ, ಚರ್ಚೆಗೆ ಬೇಕಾಗುತ್ತೆ.

4,886 ಬಂದದ್ದು ಹೀಗೆ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಈ ಸಲ ರಾಗಿಗೆ ಕ್ವಿಂಟಲ್‌ಗೆ 3,257 ರೂಪಾಯಿ ಖರ್ಚು ಅಂತ ಹಿಡಿದಿದೆ. ಅದರ ಮೇಲೆ ಅರ್ಧದಷ್ಟು ಸೇರಿಸಿದರೆ ಈ ಬೆಲೆ. ಆ ಖರ್ಚಿನಲ್ಲಿ ಬೀಜ, ಗೊಬ್ಬರ, ಕೂಲಿ, ಯಂತ್ರದ ಬಾಡಿಗೆ ಜೊತೆಗೆ ಮನೆಯವರ ದುಡಿಮೆಗೂ ಬೆಲೆ ಕಟ್ಟಿದ್ದಾರೆ. ಸ್ವಂತ ಜಮೀನಿನ ಬಾಡಿಗೆ, ಹಾಕಿದ ಸ್ವಂತ ಬಂಡವಾಳದ ಬಡ್ಡಿ ಸೇರಿಲ್ಲ. ಸ್ವಾಮಿನಾಥನ್ ಅವರ ರೈತರ ರಾಷ್ಟ್ರೀಯ ಆಯೋಗದ ಶಿಫಾರಸಿನ ಪ್ರಕಾರ ಕೊಡಿ ಅಂತ ರೈತ ಸಂಘಟನೆಗಳು ಕೇಳುವಾಗ ಅದನ್ನೂ ಸೇರಿಸಿ ಅಂತಲೇ ಕೇಳೋದು. ಸರ್ಕಾರ ಒಂದೂವರೆ ಪಟ್ಟು ಕೊಟ್ಟಿದ್ದೇವೆ ಅನ್ನುತ್ತೆ, ಸಂಘಟನೆಯವರು ಕೊಟ್ಟಿಲ್ಲ ಅನ್ನುತ್ತಾರೆ. ಇಬ್ಬರೂ ಬೇರೆ ಬೇರೆ ಖರ್ಚಿನ ಮೇಲೆ ಲೆಕ್ಕ ಹಾಕ್ತಿದ್ದಾರೆ.

ಇದಕ್ಕಿಂತ ದೊಡ್ಡ ಸಮಸ್ಯೆ ಕಣದಮನೆ ಹೇಳಿದ್ದೇ. ಬೆಲೆ ಘೋಷಣೆ ಮಾಡೋದು ಬೇರೆ, ಕೊಳ್ಳೋದು ಬೇರೆ. 2015ರಲ್ಲಿ ಶಾಂತ ಕುಮಾರ್ ಸಮಿತಿ ಕೊಟ್ಟ ವರದಿಯಲ್ಲಿ ದೇಶದ ರೈತರಲ್ಲಿ ಸುಮಾರು ನೂರಕ್ಕೆ 6 ಜನ ಮಾತ್ರ ಬೆಂಬಲ ಬೆಲೆಗೆ ಸರ್ಕಾರಿ ಸಂಸ್ಥೆಗೆ ಮಾರುತ್ತಾರೆ ಅಂತಿತ್ತು.

ಮೂಟೆಲೆಕ್ಕ:
ನಾನು ವ್ಯಾಪಾರ ಮಾಡುವವನು, ಬೈಯಿಸಿಕೊಳ್ಳೋಕೆ ತಯಾರಾಗೇ ಬರೆಯುತ್ತಿದ್ದೇನೆ. ರಾಗಿ ಕಣದಲ್ಲಿ ಇರುವಾಗಲೇ ನಾವು ದುಡ್ಡು ಎಣಿಸಿ ಕೊಡ್ತೀವಿ. ಪಹಣಿ ಕೇಳಲ್ಲ, ಬೆರಳಚ್ಚು ಕೇಳಲ್ಲ. ತೇವ ಸ್ವಲ್ಪ ಜಾಸ್ತಿ ಇದ್ದರೂ ವಾಪಸ್ ಕಳಿಸಲ್ಲ. ಒಣಗಿಸೋದು, ಸಾಗಿಸೋದು, ಗೋದಾಮು ಬಾಡಿಗೆ, ಬಡ್ಡಿ ಎಲ್ಲ ನಮ್ಮ ಮೇಲೆ. ನಾವಿಲ್ಲದಿದ್ದರೆ ಡಿಸೆಂಬರ್‌ನಲ್ಲಿ ಆ ರೈತ ಎಲ್ಲಿಗೆ ಹೋಗಬೇಕಿತ್ತು ಹೇಳಿ.

ಹಾರನಹಳ್ಳಿ_ದಾರಿ:
@ಮೂಟೆಲೆಕ್ಕ, ಡಿಸೆಂಬರ್‌ನಲ್ಲಿ ಕೊಂಡ ಅದೇ ರಾಗಿ ಫೆಬ್ರವರಿಯಲ್ಲಿ ಯಾರದೋ ಪಹಣಿ ಮೇಲೆ ಖರೀದಿ ಕೇಂದ್ರಕ್ಕೆ ಹೋಗುತ್ತಲ್ಲ, ಅದರ ಬಗ್ಗೆಯೂ ಬರೆಯಿರಿ.

ಮೂಟೆಲೆಕ್ಕ:
ಎಲ್ಲರೂ ಹಾಗೆ ಮಾಡಲ್ಲ. ಮಾಡುವವರಿದ್ದಾರೆ, ಅವರನ್ನು ಹಿಡಿಯಲಿ, ನಾನೇ ಬೆಂಬಲ ಕೊಡ್ತೀನಿ.

ಕಣದಮನೆ:
ನಿಮ್ಮ ಮೇಲೆ ಸಿಟ್ಟಿಲ್ಲ ಸ್ವಾಮಿ. ಅವಸರದಲ್ಲಿರುವವನ ಹತ್ತಿರ ಕಡಿಮೆಗೆ ಕೊಳ್ಳೋದು ವ್ಯಾಪಾರ. ಆ ಅವಸರ ತಪ್ಪಿಸಬೇಕಾದದ್ದು ಸರ್ಕಾರ.

ಸೆರಗಿನಗಂಟು:
ಇಷ್ಟೂ ಮಾತಿನಲ್ಲಿ "ರೈತ" ಅಂದರೆ ಪಹಣಿಯಲ್ಲಿ ಹೆಸರಿರುವ ಗಂಡಸು ಅಂತಲೇ ಎಲ್ಲರೂ ಮಾತಾಡ್ತಿದ್ದೀರಿ.

ನಮ್ಮ ಯಜಮಾನರು ತೀರಿಹೋದ ಮೇಲೆ ಹೊಲ ನಾನೇ ನೋಡಿಕೊಳ್ತಿದ್ದೇನೆ. ಪಹಣಿ ಇನ್ನೂ ಮಾವನವರ ಹೆಸರಲ್ಲಿದೆ. ಅವರೂ ಇಲ್ಲ. ಮೈದುನರು ಮೂವರು, ಒಬ್ಬರು ಸೂರತ್‌ನಲ್ಲಿ. ಎಲ್ಲರೂ ಸೇರಿ ಸಹಿ ಹಾಕದೆ ಪೌತಿ ಖಾತೆ (ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಮಾಡೋದು) ಆಗಲ್ಲ ಅಂದರು. ಖಾತೆ ಆಗದೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ, ಇಲ್ಲ. ಐಡಿ ಇಲ್ಲದೆ ರಾಗಿ ಖರೀದಿಗೆ ನೋಂದಣಿ ಇಲ್ಲ, ಬೆಳೆ ವಿಮೆ ಇಲ್ಲ, ಪಿಎಂ ಕಿಸಾನ್ ಇಲ್ಲ, ಬರ ಪರಿಹಾರವೂ ಇಲ್ಲ. ಕಳೆ ಕಿತ್ತವಳು ನಾನು, ಕೊಯ್ದವಳು ನಾನು, ಮೆದೆ ಒಟ್ಟಿದವಳು ನಾನು. ಸರ್ಕಾರದ ಕಂಪ್ಯೂಟರಿನಲ್ಲಿ ಆ ಹೊಲಕ್ಕೆ ಬೇಸಾಯ ಮಾಡುವವರೇ ಇಲ್ಲ.

ಬೆಲೆ 4,886 ಆಗಲಿ 5,000 ಆಗಲಿ, ನನಗೆ ವ್ಯಾಪಾರಿಯೇ ಗತಿ.

ಬಿಳಿಜೋಳ:
ಅಕ್ಕಾ, ನೀವು ಹೇಳಿದ್ದು ಪ್ರತಿ ಊರಲ್ಲೂ ಇದೆ. ಇದರ ಜೊತೆ ಕೋರಿಗೆ (ಬೆಳೆಯಲ್ಲಿ ಪಾಲು ಕೊಡುವ ಗೇಣಿಗೆ) ಮಾಡುವವರನ್ನೂ ಸೇರಿಸಿ. ನಮ್ಮ ಕಡೆ ಊರು ಬಿಟ್ಟು ಹೋದವರ ಹೊಲ ಎಷ್ಟೋ ಜನ ಕೋರಿಗೆ ಮಾಡ್ತಾರೆ. ದುಡ್ಡೆಲ್ಲ ಪಹಣಿದಾರನ ಖಾತೆಗೆ, ದುಡಿಮೆ ಇವರದ್ದು.

ಲೆಕ್ಕದಪುಸ್ತಕ:
ಅದಕ್ಕೆ ಒಂದು ಹಳೆಯ ಕಾರಣವಿದೆ. 1974ರ ಭೂ ಸುಧಾರಣೆ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿ ಕೊಡುವುದೇ ನಿಂತುಹೋಯಿತು, ಸೈನಿಕರಂಥ ಕೆಲವರನ್ನು ಬಿಟ್ಟು. ಉಳುವವನಿಗೇ ಭೂಮಿ ಬಂತು, ಲಕ್ಷಾಂತರ ಕುಟುಂಬ ಉದ್ಧಾರವಾಯಿತು. ಆದರೆ ಆಮೇಲೆ ಬಾಯಿಮಾತಿನ ಗೇಣಿ ಶುರುವಾಯಿತು. ಜಮೀನು ಹೋಗುತ್ತೆ ಅಂತ ಯಜಮಾನ ಒಂದು ಸಾಲೂ ಬರೆದುಕೊಡಲ್ಲ. ಬರೆದಿಲ್ಲದ ಮೇಲೆ ಗೇಣಿದಾರ ಯಾವ ಯೋಜನೆಗೂ ಕಾಣಿಸಲ್ಲ.

ಸಿಟಿಯವನು:
ಹಾಗಾದರೆ ಕೊಳ್ಳೋದನ್ನೇ ಬಿಟ್ಟು ಎಕರೆಗೆ ಇಷ್ಟು ಅಂತ ನೇರ ಖಾತೆಗೆ ಹಾಕಿದರೆ ಆಗಲ್ವಾ? ಗೋದಾಮು, ಗೋಣಿಚೀಲ, ಸಾಲು ಯಾವುದೂ ಬೇಡ. ತೆಲಂಗಾಣದಲ್ಲಿ ಮಾಡಿದ್ದಾರಲ್ಲ.

ಲೆಕ್ಕದಪುಸ್ತಕ:
ತೆಲಂಗಾಣದ ರೈತಬಂಧು 2018ರಲ್ಲಿ ಶುರುವಾದಾಗ ಹಂಗಾಮಿಗೆ ಎಕರೆಗೆ 4,000 ಇತ್ತು, ಆಮೇಲೆ 5,000 ಆಯಿತು. ಬಿತ್ತನೆಗೆ ಮುಂಚೆ ದುಡ್ಡು ಕೈಗೆ ಸಿಗೋದು ಅದರ ದೊಡ್ಡ ಗುಣ. ದೋಷ ಏನಂದರೆ ಎಕರೆಗೆ ಮಿತಿ ಇರಲಿಲ್ಲ. ಹೆಚ್ಚು ಜಮೀನು ಇದ್ದವನಿಗೆ ಹೆಚ್ಚು ದುಡ್ಡು. ಗೇಣಿದಾರನಿಗೆ ಏನೂ ಇಲ್ಲ.

ಒಡಿಶಾದ ಕಾಲಿಯಾ ಯೋಜನೆಯಲ್ಲಿ ಗೇಣಿದಾರರನ್ನೂ ಭೂಮಿ ಇಲ್ಲದ ಕೃಷಿ ಕುಟುಂಬಗಳನ್ನೂ ಸೇರಿಸಿದ್ದರು. ಮನಸ್ಸು ಮಾಡಿದರೆ ದಾರಿ ಇದೆ.

ಕಡಲಾಚೆ:
ನಾನು ಅಮೆರಿಕದ ಇಲಿನಾಯ್‌ನಲ್ಲಿದ್ದೇನೆ, ಸುತ್ತ ಮೆಕ್ಕೆಜೋಳ, ಸೋಯಾ ಬಿಟ್ಟರೆ ಬೇರೆ ಕಾಣಲ್ಲ. ಇಲ್ಲಿಯೂ ಇದೇ ಜಗಳ ನಡೆಯುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಸರ್ಕಾರ ಧಾನ್ಯ ಕೊಂಡುಕೊಳ್ಳಲ್ಲ. 2014ರ ಕೃಷಿ ಕಾಯ್ದೆಯಲ್ಲಿ ಬಂದ ಒಂದು ಯೋಜನೆ ಕೌಂಟಿ ಲೆಕ್ಕದಲ್ಲಿ ನಡೆಯುತ್ತೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ. ಇಡೀ ಕೌಂಟಿಯ ಇಳುವರಿ, ದೇಶದ ಸರಾಸರಿ ಬೆಲೆ ಸೇರಿಸಿ ಆದಾಯ ನೋಡ್ತಾರೆ. ಅದು ಹಿಂದಿನ ವರ್ಷಗಳ ಮಟ್ಟದಿಂದ ಇಷ್ಟು ಕೆಳಗೆ ಇಳಿದರೆ ಎಕರೆಗೆ ಇಷ್ಟು ಅಂತ ಕೊಡ್ತಾರೆ. ನಿಮ್ಮ ಹೊಲದಲ್ಲಿ ಮಾತ್ರ ಬೆಳೆ ಹೋದರೆ ಈ ದುಡ್ಡು ಬರಲ್ಲ, ಅದಕ್ಕೆ ವಿಮೆ ಬೇರೆ. ವಿಮೆ ಕಂತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರವೇ ಕಟ್ಟುತ್ತೆ, ಆ ಸಹಾಯಕ್ಕೆ ಒಬ್ಬರಿಗೆ ಇಷ್ಟೇ ಅಂತ ಮಿತಿ ಇಲ್ಲ. ಸಾವಿರಾರು ಎಕರೆ ಮಾಡುವವನಿಗೆ ಅದಕ್ಕೆ ತಕ್ಕಷ್ಟು ಸಿಗುತ್ತೆ.

ಇಲ್ಲಿ ಅರ್ಧಕ್ಕೂ ಹೆಚ್ಚು ಹೊಲ ಗೇಣಿಯದ್ದು. ನಗದು ಗೇಣಿ ಕೊಡುವ ಬೇಸಾಯಗಾರನಿಗೇ ಸರ್ಕಾರದ ದುಡ್ಡು ಬರುತ್ತೆ, ಆ ಮಟ್ಟಿಗೆ ನಮಗಿಂತ ಮೇಲು. ಆದರೆ ಸಹಾಯಧನ ಜಾಸ್ತಿಯಾದ ಹಾಗೆ ಜಮೀನಿನವರು ಗೇಣಿ ಏರಿಸ್ತಾರೆ. ಕೊನೆಗೆ ಒಂದು ಪಾಲು ಮಣ್ಣಿನ ಒಡೆಯನಿಗೇ ಹೋಗುತ್ತೆ. ಎಕರೆ ಲೆಕ್ಕದಲ್ಲಿ ಕೊಡಿ ಅನ್ನುವವರು ಇದನ್ನು ಯೋಚಿಸಬೇಕು.

ಹೊನ್ನಾರು:
ಅಲ್ಲಿನ ಸಾವಿರ ಎಕರೆಯವನಿಗೂ ಇಲ್ಲಿನ ಎರಡು ಎಕರೆಯವನಿಗೂ ಏನು ಹೋಲಿಕೆ? ಬಿಡಿ.

ಕಡಲಾಚೆ:
ಹೋಲಿಕೆ ರೈತರದ್ದಲ್ಲ, ದುಡ್ಡು ಹರಿಯುವ ದಾರಿಯದ್ದು.

ಮೆಕ್ಕೆಜೋಳ_ದಾವಣಗೆರೆ:
ನಿಮಗೆ ಖರೀದಿ ಕೇಂದ್ರವಾದರೂ ಇದೆ! 2025-26ಕ್ಕೆ ನಮ್ಮ ಮೆಕ್ಕೆಜೋಳಕ್ಕೆ 2,400 ಬೆಂಬಲ ಬೆಲೆ ಅಂತ ಕಾಗದದಲ್ಲಿದೆ. ರಾಗಿ, ಜೋಳ ಕೊಂಡರೆ ಪಡಿತರದಲ್ಲಿ ಹಂಚಬಹುದು. ಮೆಕ್ಕೆಜೋಳ ಹೋಗೋದು ಕೋಳಿ ಮೇವಿಗೆ, ಎಥೆನಾಲ್‌ಗೆ, ಪಿಷ್ಟದ ಕಾರ್ಖಾನೆಗೆ. ಅವರು ಹೇಳಿದ್ದೇ ಬೆಲೆ. 2025ರಲ್ಲಿ ಬೆಲೆ ಬಿದ್ದಾಗ ಬೀದಿಗೆ ಇಳಿದ ಮೇಲೇ ಸರ್ಕಾರ ತಿರುಗಿ ನೋಡಿದ್ದು.

ಕೊಳ್ಳೋಕೆ ಆಗದಿದ್ದರೆ ವ್ಯತ್ಯಾಸದ ದುಡ್ಡು ಕೊಡಲಿ. ಮಾರುಕಟ್ಟೆಯಲ್ಲಿ 1,800ಕ್ಕೆ ಮಾರಿದರೆ ಉಳಿದ 600 ಖಾತೆಗೆ ಹಾಕಲಿ.

ಲೆಕ್ಕದಪುಸ್ತಕ:
2017ರಲ್ಲಿ ಮಧ್ಯಪ್ರದೇಶ ಭಾವಾಂತರ ಅಂತ ಇದನ್ನೇ ಮಾಡಿತ್ತು. ವ್ಯತ್ಯಾಸ ಸರ್ಕಾರ ತುಂಬಿಕೊಡುತ್ತೆ ಅಂತ ಗೊತ್ತಾದ ಕೂಡಲೇ ವ್ಯಾಪಾರಿಗಳು ಬೆಲೆ ಇಳಿಸಿದರು ಅಂತ ದೂರುಗಳು ಬಂದವು. ಮೇಲಾಗಿ ವ್ಯತ್ಯಾಸವನ್ನು ಸರಾಸರಿ ಬೆಲೆ ಮೇಲೆ ಲೆಕ್ಕ ಹಾಕ್ತಾರೆ. ನೀವು ಸರಾಸರಿಗಿಂತ ಕಡಿಮೆಗೆ ಮಾರಿದ್ದರೆ ಆ ನಷ್ಟ ನಿಮ್ಮದೇ.

ನವಣೆಹೊಲ:
ರಾಗಿ ಬಿಟ್ಟು ಸಿರಿಧಾನ್ಯಕ್ಕೆ ಬನ್ನಿ. ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ಕೊಡ್ತಾರೆ. ರಾಗಿಗೂ ಇದೆ ಅಂತ ಕೇಳಿದ್ದೇನೆ.

ಹಾರನಹಳ್ಳಿ_ದಾರಿ:
ರಾಗಿಗೆ ಇಲ್ಲ. ಸಾಮೆ, ನವಣೆ, ಹಾರಕ, ಊದಲು, ಕೊರಲೆ, ಬರಗು ಇವಕ್ಕೆ ಮಾತ್ರ, ಅದೂ 2 ಹೆಕ್ಟೇರ್‌ವರೆಗೆ. ಬೆಳೆದ ಮೇಲೆ ಅದನ್ನು ಅಕ್ಕಿ ಮಾಡೋದು ಎಲ್ಲಿ? ಸಾಮೆ, ನವಣೆಯ ಸಿಪ್ಪೆ ತೆಗೆಯುವ ಯಂತ್ರ ಹತ್ತಿರದಲ್ಲಿ ಇರಲ್ಲ. ರಾಗಿಯಾದರೆ ಹಿಟ್ಟಿನ ಗಿರಣಿ ಸಾಕು. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿದರಲ್ಲ, ಆಗ ಹೋಬಳಿಗೆ ಒಂದು ಯಂತ್ರ ಹಾಕಿದ್ದರೆ ಎಷ್ಟೋ ಜನ ಬೆಳೆಯುತ್ತಿದ್ದರು.

ಮುದ್ದೆಪ್ರಿಯ:
ವಿಷಯ ಬೇರೆ, ಆದರೂ ಕೇಳ್ತೀನಿ. ಪಡಿತರದ ರಾಗಿಯಲ್ಲಿ ಮುದ್ದೆ ಯಾಕೆ ಅಂಟಾಗುತ್ತೆ? ಊರಿನ ರಾಗಿಯ ಥರ ಗಟ್ಟಿ ಬರಲ್ಲ.

ಹೊನ್ನಾರು:
ಯಾವ ತಳಿ ಅಂತ ಯಾರಿಗೆ ಗೊತ್ತು, ನೂರು ಊರಿನದ್ದು ಒಂದೇ ಗೋದಾಮಲ್ಲಿ ಬೆರೆಯುತ್ತೆ. ಹೊಸ ರಾಗಿಯೂ ಸ್ವಲ್ಪ ಅಂಟೇ. ನಾವು ಮನೆಗೆ ಜಿಪಿಯು 28 ಇಟ್ಟುಕೊಳ್ತೀವಿ. ಬೆಂಕಿ ರೋಗಕ್ಕೆ ಸುಲಭಕ್ಕೆ ಬಗ್ಗಲ್ಲ, ಮುದ್ದೆಯೂ ಚೆನ್ನ.

ಕೆಂಪುಮಣ್ಣು:
ಎಂಆರ್ 6 ಮುದ್ದೆ ತಿಂದು ನೋಡಿ, ಆಮೇಲೆ ಮಾತಾಡೋಣ. ಹುಲ್ಲೂ ಜಾಸ್ತಿ, ದನಕ್ಕೂ ಆಗುತ್ತೆ.

ನಿರ್ವಾಹಕ:
ತಳಿಗಳ ಜಗಳಕ್ಕೆ ಬೇರೆ ವಿಷಯ ತೆರೆಯಿರಿ. ಇಲ್ಲಿ ಖರೀದಿ, ಸಹಾಯಧನದ ಮಾತು ಮಾತ್ರ.

ಕೆಂಪುಮಣ್ಣು:
ಸರಿ, ಖರೀದಿ ಬಗ್ಗೆಯೇ ಹೇಳ್ತೀನಿ. ನಮ್ಮ ತಾಲ್ಲೂಕಿನ ಒಂದು ಕೇಂದ್ರದಲ್ಲಿ ಆದದ್ದು ಇದು. ಗುಣಮಟ್ಟ ನೋಡುವ ಗ್ರೇಡರ್ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ರಾಗಿ ತೆಗೆದರು. ಅಂಗೈ ಮೇಲೆ ಹರಡಿ ಉಫ್ ಅಂತ ಊದಿದರು. ಹೊಟ್ಟು ಹಾರಲಿಲ್ಲ, ನಾಲ್ಕೈದು ಮಣ್ಣಿನ ಹರಳು ಉಳಿಯಿತು. ತೇವದ ಮೀಟರ್‌ಗೆ ಹಾಕಿದರೆ 12 ಪರ್ಸೆಂಟ್ ಮೇಲೆ ಒಂದು ಚೂರು ತೋರಿಸಿತು. 12 ದಾಟಬಾರದು ಅನ್ನೋದು ನಿಯಮ. "ಜರಡಿ ಹಿಡಿದು, ಒಣಗಿಸಿ ತನ್ನಿ" ಅಂದರು. ಬಾಡಿಗೆ ಟ್ರ್ಯಾಕ್ಟರ್ ಅದು. ವಾಪಸ್ ಹೋಗಿ ಬರುವ ಖರ್ಚಿಗೆ ಲಾಭವೆಲ್ಲ ಹೋಗುತ್ತೆ. ಅಲ್ಲೇ ಗೇಟಿನ ಹೊರಗೆ ಒಬ್ಬ ನಿಂತಿದ್ದ. "ಇಲ್ಲೇ ಕೊಡಣ್ಣ, ನಾನು ನೋಡ್ಕೋತೀನಿ" ಅಂದ. ಪಕ್ಕದ ಟ್ರ್ಯಾಕ್ಟರಿನವರು ಕೊಟ್ಟೇ ಬಿಟ್ಟರು.

ಟಾರು ರಸ್ತೆಯಲ್ಲಿ ಒಕ್ಕಿದ ರಾಗಿಯಲ್ಲಿ ಹರಳು ಇರದೆ ಇರುತ್ತಾ? ಊರಿಗೊಂದು ಸಿಮೆಂಟು ಕಣ, ಕೇಂದ್ರಕ್ಕೆ ಒಂದು ಜರಡಿ ಯಂತ್ರ. ಇದಕ್ಕೆ ಎಷ್ಟು ಖರ್ಚಾಗುತ್ತೆ ಹೇಳಿ!

ಕಣದಮನೆ:
ಜರಡಿ ಯಂತ್ರದ ಮಾತು ನೂರಕ್ಕೆ ನೂರು ನಿಜ.

ಬಿಳಿಜೋಳ:
ಮಿತಿಯ ವಿಷಯ ಯಾರೂ ಹೇಳಲಿಲ್ಲ. 2021-22ರಲ್ಲಿ ಸಣ್ಣ, ಅತಿ ಸಣ್ಣ ರೈತರಿಂದ ಮಾತ್ರ, ಒಬ್ಬರಿಂದ 20 ಕ್ವಿಂಟಲ್ ಮಾತ್ರ ರಾಗಿ ಅಂತ ಮಾಡಿದಾಗ ದೊಡ್ಡ ಗಲಾಟೆ ಆಯಿತು. ವಿಧಾನಸಭೆಯಲ್ಲೂ ಆಯಿತು.

ಸಿಟಿಯವನು:
ಆದರೆ ನೀವೆಲ್ಲ ಸಣ್ಣವರಿಗೆ ಸಿಗಲಿ ಅಂತಲೇ ಕೇಳ್ತಿರೋದು. ಆ ಮಿತಿ ಸಣ್ಣವರ ಪರವಾಗಿಯೇ ಇತ್ತಲ್ಲ?

ಕಣದಮನೆ:
ಪ್ರಶ್ನೆ ಸರಿಯಾಗಿದೆ. ಒಳನಾಡಿನ ಒಣ ಹೊಲದಲ್ಲಿ ಆರೇಳು ಎಕರೆ ಇರುವವನನ್ನು ದೊಡ್ಡ ರೈತ ಅನ್ನೋಕೆ ಆಗಲ್ಲ. ಎರಡು ಎಕರೆ ತೋಟದವನ ಆದಾಯ ಅವನಿಗಿಂತ ಮೇಲಿರುತ್ತೆ. ಎಕರೆ ನೋಡಿ ಅಳೆಯುವ ಬದಲು ನೀರಾವರಿ ಇದೆಯೋ ಇಲ್ಲವೋ ನೋಡಲಿ. ಮಿತಿ ಬೇಕು, ನಾನೂ ಒಪ್ಪುತ್ತೇನೆ. ಮೊದಲ ಹದಿನೈದು ದಿನ ಒಣ ಬೇಸಾಯದ ಸಣ್ಣವರಿಗೆ ಅಂತ ಮೀಸಲಿಟ್ಟರೆ ಸಾಲಿನ ಸಮಸ್ಯೆಯೂ ಕಡಿಮೆಯಾಗುತ್ತೆ.

ಹಾರನಹಳ್ಳಿ_ದಾರಿ:
ಬಂದ ದುಡ್ಡನ್ನು ಬ್ಯಾಂಕಿನವರು ಸಾಲಕ್ಕೆ ಮುರಿದುಕೊಳ್ಳೋದನ್ನೂ ಸೇರಿಸಿ.

ನವಣೆಹೊಲ:
ನನ್ನ ಪಹಣಿಯಲ್ಲಿ ರಾಗಿ ಬದಲು ಹುರುಳಿ ಅಂತ ತೋರಿಸ್ತಿದೆ. ನೋಂದಣಿಗೆ ಹೋದರೆ ಆಗಲ್ಲ ಅಂದರು. ಯಾರಿಗಾದರೂ ಗೊತ್ತಾ?

ಲೆಕ್ಕದಪುಸ್ತಕ:
ಬೆಳೆ ಸಮೀಕ್ಷೆಗೆ ಬಂದವರು ತಪ್ಪು ಬೆಳೆ ಹಾಕಿರುತ್ತಾರೆ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ, ಅವರು ತೆಗೆದ ಫೋಟೋ ನೋಡಿ. ಆಕ್ಷೇಪಣೆ ಅಲ್ಲೇ ಸಲ್ಲಿಸಬಹುದು, ಆದರೆ ಅದಕ್ಕೆ ಗಡುವು ಇರುತ್ತೆ. ಮುಗಿದಿದ್ದರೆ ಗ್ರಾಮ ಆಡಳಿತಾಧಿಕಾರಿ ಹತ್ತಿರ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮುಂದಿನ ಸಲ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನೀವೇ ಫೋಟೋ ತೆಗೆದು ಹಾಕಿ, ಯಾರನ್ನೂ ಕಾಯಬೇಡಿ.

ಇನ್ನೊಂದು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ರಾಗಿ ಅಕಾಲ ಮಳೆಗೆ ನೆನೆದರೆ ಫಸಲ್ ಬಿಮಾದಲ್ಲಿ ಪರಿಹಾರಕ್ಕೆ ಅವಕಾಶ ಇದೆ. ಕೊಯ್ದ 14 ದಿನದ ಒಳಗೆ ಆಗಿರಬೇಕು, 72 ಗಂಟೆಯೊಳಗೆ ತಿಳಿಸಬೇಕು. ಮುಂಗಾರು ಧಾನ್ಯಕ್ಕೆ ರೈತ ಕಟ್ಟೋದು ವಿಮೆ ಮೊತ್ತದ 2 ಪರ್ಸೆಂಟ್ ಮಾತ್ರ.

ನವಣೆಹೊಲ:
ಫೋಟೋ ಸಿಕ್ಕಿತು ಸರ್. ಪಕ್ಕದ ಹೊಲದ್ದು! ನಾಳೆಯೇ ಅರ್ಜಿ ಕೊಡ್ತೀನಿ. ತುಂಬಾ ಉಪಕಾರ.

ಸೆರಗಿನಗಂಟು:
ನನ್ನ ವಿಷಯಕ್ಕೆ ಏನಾದರೂ ದಾರಿ ಇದೆಯಾ? ಸೂರತ್‌ನಲ್ಲಿರುವ ಮೈದುನ ಬರೋದು ಯುಗಾದಿಗೆ.

ಲೆಕ್ಕದಪುಸ್ತಕ:
ಅಕ್ಕಾ, ಪಾಲು ಆಗುವುದು ಬೇರೆ, ಪೌತಿ ಖಾತೆ ಬೇರೆ. ಮಾವನವರ ಮರಣ ಪ್ರಮಾಣ ಪತ್ರ, ವಂಶವೃಕ್ಷ ಇಟ್ಟು ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಬರುವ ಹಾಗೆ ಅರ್ಜಿ ಕೊಡಿ. ವಂಶವೃಕ್ಷ ನಾಡಕಚೇರಿಯಲ್ಲಿ ಸಿಗುತ್ತೆ. ಅದರಲ್ಲಿ ನಿಮ್ಮ ಹೆಸರು, ಮಕ್ಕಳಿದ್ದರೆ ಅವರ ಹೆಸರು ಬಿಡದಂತೆ ನೋಡಿಕೊಳ್ಳಿ, ಇದು ಮುಖ್ಯ. ಪಿಎಂ ಕಿಸಾನ್‌ಗೆ 2019ರ ಫೆಬ್ರವರಿ 1ಕ್ಕೆ ಜಮೀನು ಹೆಸರಲ್ಲಿ ಇರಬೇಕು ಅನ್ನುವ ನಿಯಮವಿದೆ, ಆದರೆ ವಾರಸುದಾರಿಕೆಯಿಂದ ಬಂದದ್ದಕ್ಕೆ ವಿನಾಯಿತಿ ಇದೆ. ಅಷ್ಟು ದಿನ ಆಯಿತು ಅಂತ ವಾಪಸ್ ಕಳಿಸಿದರೆ ಒಪ್ಪಬೇಡಿ.

ಸೆರಗಿನಗಂಟು:
ವಂಶವೃಕ್ಷದಲ್ಲಿ ನನ್ನ ಹೆಸರು ಬರುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಅವರದ್ದೂ ಹಾಕಿಸ್ತೀನಿ.

ಕಣದಮನೆ:
ಇಷ್ಟು ಮಾತಾಡಿದ ಮೇಲೆ ಸುಮ್ನೆ ಕೂರೋದು ಬೇಡ. ಜಿಲ್ಲಾಧಿಕಾರಿಗೆ ಕೊಡೋಕೆ ಒಂದು ಮನವಿ ಬರೆಯುತ್ತಿದ್ದೇನೆ. ಡಿಸೆಂಬರ್ ಮೊದಲ ವಾರದಿಂದಲೇ ಖರೀದಿ, ಕೇಂದ್ರಕ್ಕೊಂದು ಜರಡಿ ಯಂತ್ರ, ಮೊದಲು ಒಣ ಬೇಸಾಯದವರಿಗೆ ಅವಕಾಶ, ಬಂದ ದುಡ್ಡನ್ನು ಸಾಲಕ್ಕೆ ಮುರಿಯದಂತೆ ಬ್ಯಾಂಕುಗಳಿಗೆ ಸೂಚನೆ, ಬೆಳೆ ಬೆಳೆದವರೇ ಮಾರುವಂತೆ ಪಂಚಾಯಿತಿಯಿಂದ ದೃಢೀಕರಣ. ಇನ್ನೇನಾದರೂ ಇದ್ದರೆ ಹೇಳಿ.

ಮೂಟೆಲೆಕ್ಕ:
ಪಂಚಾಯಿತಿ ದೃಢೀಕರಣ ಅಂದರೆ ಅದಕ್ಕೂ ಒಂದು ರೇಟು ಶುರುವಾಗುತ್ತೆ, ಈಗಲೇ ಹೇಳಿರ್ತೀನಿ.

ಬಿಳಿಜೋಳ:
ಗ್ರಾಮಸಭೆಯಲ್ಲಿ ಎಲ್ಲರ ಎದುರು ಹೆಸರು ಓದಿಸಲಿ. ಯಾರ ಹೊಲ ಯಾರು ಮಾಡ್ತಾರೆ ಅಂತ ಊರಿಗೆ ಗೊತ್ತಿರುತ್ತೆ.

ಕೆಂಪುಮಣ್ಣು:
ಸಿಮೆಂಟು ಕಣ ಬಿಟ್ಟಿದ್ದೀರಿ. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಮಾಡಿಸಿರುವ ಊರುಗಳಿವೆ, ಅದನ್ನೂ ಬರೆಯಿರಿ.

ಕಣದಮನೆ:
ಬರೆದೆ. ಭಾನುವಾರ ಸಂಜೆ ಇಲ್ಲೇ ಹಾಕ್ತೀನಿ, ನೋಡಿ ತಿದ್ದಿ.